ಕ್ರೈಸ್ತ ಹಬ್ಬಗಳ ಋತುಚಕ್ರ ಮತ್ತು ನಮ್ಮ ನಾಡು

ಕ್ರೈಸ್ತರ ಹಬ್ಬ ಯಾವುದೆಂದು ಕೇಳಿದರೆ ನಿಮ್ಮಲ್ಲಿ ಬಹುಮಂದಿ ಕ್ರಿಸ್‌ಮಸ್ ಎಂದೇ ಹೇಳುವಿರಿ. ನಕ್ಷತ್ರದ ದೀಪ, ಗೋದಲಿ, ಕೇಕು ಎಲ್ಲರ ಕಣ್ಣಿಗೂ ಬೀಳುವಂಥವು. ಆದರೆ ಚರ್ಚಿನ ವರ್ಷ ತೊಡಗುವುದು ಡಿಸೆಂಬರ್ 25ಕ್ಕೆ ಹಿಂದಿನ ನಾಲ್ಕು ಭಾನುವಾರಗಳ ಆಗಮನ ಕಾಲದಿಂದ. ಅಂದರೆ ವರ್ಷದ ಮೊದಲ ಕೆಲಸವೇ ಕಾಯುವುದು. ಮಾರಿಕಣಿವೆಯ ಸುತ್ತಿನವರಿಗೆ ಕಾಯುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರ ವೇಳೆಗೆ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ.

ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಕ್ರಿಸ್‌ಮಸ್‌ಗಿಂತ ಈಸ್ಟರ್ ಹಳೆಯದು. ಕ್ರಿಸ್ತನು ಹುಟ್ಟಿದ ದಿನವನ್ನು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ರ ಆಚರಣೆಗೆ ರೋಮಿನಲ್ಲಿ ಆಧಾರ ಸಿಗುವುದು ಕ್ರಿ.ಶ. 336ರ ಹೊತ್ತಿಗೆ. ಅದಕ್ಕೂ ಮುನ್ನ, 325ರಲ್ಲಿ ನಡೆದ ನಿಸೀಯ ಸಭೆಯು ಪುನರುತ್ಥಾನದ ಹಬ್ಬವನ್ನು ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು ನಿರ್ಣಯಿಸಿತ್ತು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಸೂರ್ಯ, ಚಂದ್ರ ಇಬ್ಬರನ್ನೂ ಲೆಕ್ಕಕ್ಕೆ ಹಿಡಿಯುವ ಈ ಕ್ರಮ ನಮಗೆ ಹೊಸದೇನಲ್ಲ. ನಮ್ಮ ಯುಗಾದಿಯೂ ಹಾಗೆಯೇ ಹಿಂದೆ ಮುಂದೆ ಸರಿಯುತ್ತದೆ. 2024ರಲ್ಲಿ ಈಸ್ಟರ್ ಮಾರ್ಚ್ 31ರಂದು ಬಂದು ಯುಗಾದಿ ಏಪ್ರಿಲ್ 9ಕ್ಕೆ ಬಿತ್ತು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೇ ಬಂದು ಈಸ್ಟರ್ ಏಪ್ರಿಲ್ 20ಕ್ಕೆ ಹೋಯಿತು.

ಈಸ್ಟರ್‌ಗೆ ಮುಂಚಿನದು ತಪಸ್ಸು ಕಾಲ. ಭಾನುವಾರಗಳನ್ನು ಬಿಟ್ಟು ನಲವತ್ತು ದಿನ. ಬೂದಿ ಬುಧವಾರದಂದು ಹಣೆಗೆ ಬೂದಿಯಿಟ್ಟು, ಮಣ್ಣಿನಿಂದ ಬಂದ ಮನುಷ್ಯ ಮಣ್ಣಿಗೇ ಮರಳುವನೆಂದು ನೆನಪಿಸುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಭಕ್ತರು ಹಿಡಿದಿದ್ದ ಗರಿಗಳನ್ನು, ನಮ್ಮ ಕಡೆ ಸಾಮಾನ್ಯವಾಗಿ ತೆಂಗಿನ ಗರಿಗಳನ್ನು, ಸುಟ್ಟು ಈ ಬೂದಿ ಮಾಡುವುದು ವಾಡಿಕೆ. ಯುರೋಪಿನಲ್ಲಿ ಈ ಕಾಲ ಚಳಿ ಇಳಿದು ವಸಂತ ಚಿಗುರುವ ಹೊತ್ತು. ಹಿರಿಯೂರು, ಹೊಳಲ್ಕೆರೆಗಳ ಬಯಲಿನಲ್ಲಾದರೋ ಬಿಸಿಲೇರಿ ಕೆರೆಗಳು ತಳ ಕಾಣುವ ತಿಂಗಳುಗಳು. ಉಪವಾಸಕ್ಕೆ ನಮ್ಮ ಋತುವೇ ಹೆಚ್ಚು ಹೊಂದುತ್ತದೆಂದು ನನಗೆ ಅನ್ನಿಸುವುದುಂಟು.

ಈ ಬೂದಿ ಬುಧವಾರಕ್ಕೆ ಕನ್ನಡ ನಾಡಿನಲ್ಲಿ ಇನ್ನೊಂದು ನೆನಪೂ ಅಂಟಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಬಂಧನ ನಡೆದದ್ದು ಬೂದಿ ಬುಧವಾರದಂದು ಎಂದು ಆ ಸಮುದಾಯ ನೆನೆಯುತ್ತದೆ. ಎಷ್ಟು ಜನ, ಯಾವ ಕಾರಣಕ್ಕೆ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಉಳಿದವರು ಹಿಂದಿರುಗಿದ್ದು 1799ರ ನಂತರ. ಸ್ವಂತ ಊರಿನ ಚರ್ಚುಗಳು ಕೆಡವಲ್ಪಟ್ಟಿದ್ದಾಗ ಆ ಹದಿನೈದು ವರ್ಷ ಅವರು ಹಬ್ಬದ ದಿನಗಳನ್ನು ಹೇಗೆ ಎಣಿಸಿಕೊಂಡಿದ್ದಿರಬಹುದೆಂದು ನೀವೇ ಊಹಿಸಿ ನೋಡಿ.

ಮರಳಿ ಬಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಬಿಡದೆ ನಡೆಸುವುದು ಸೆಪ್ಟೆಂಬರ್ 8ರ ತೆನೆ ಹಬ್ಬ. ಮಾತೆ ಮರಿಯಳ ಜನ್ಮದಿನವೂ ಅದೇ. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಜೋಕಿಂ ಮಿರಾಂದ ಎಂಬ ಪಾದ್ರಿ 1763ರಲ್ಲಿ ಇದನ್ನು ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಯ್ದು, ಹೊಸ ಅಕ್ಕಿಯ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಅಂದಿನ ಊಟ ಸಂಪೂರ್ಣ ಸಸ್ಯಾಹಾರ. ಗದ್ದೆ ಮಾರಿ ಮುಂಬಯಿ, ಕೊಲ್ಲಿ ರಾಷ್ಟ್ರಗಳಿಗೆ ಹೋದ ಕುಟುಂಬಗಳಲ್ಲೂ ತೆನೆ ತರಿಸಿಕೊಂಡು ಹಬ್ಬ ಮಾಡುವವರಿದ್ದಾರೆ. ಒಳನಾಡಿನ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇದಕ್ಕೆ ಹತ್ತಿರವಾದದ್ದು ಸುಗ್ಗಿಯ ಹಬ್ಬ. ಅಲ್ಲಿ ರಾಗಿ, ತೆಂಗಿನಕಾಯಿ, ಕುಂಬಳಕಾಯಿ, ಕೋಳಿಗಳನ್ನು ತಂದೊಪ್ಪಿಸಿ ಹರಾಜು ಹಾಕುತ್ತಾರೆ.

ಇಂದಿನ ಭಕ್ತರಿಗೆ ಇವುಗಳ ಅರ್ಥವೇನು? ಅಂಗಡಿಗಳಿಗೆ ನವೆಂಬರಿನಲ್ಲೇ ಕ್ರಿಸ್‌ಮಸ್ ಬಂದುಬಿಡುತ್ತದೆ. ಕಾಯುವ ನಾಲ್ಕು ವಾರಗಳನ್ನು ವ್ಯಾಪಾರ ನುಂಗಿಹಾಕಿದೆ ಎಂದು ಸಭೆಯ ಹಿರಿಯರು ಕೊರಗುತ್ತಾರೆ. ತಪಸ್ಸು ಕಾಲದಲ್ಲಿ ಮಾಂಸ ಬಿಡುತ್ತಿದ್ದ ಮನೆಗಳ ಯುವಕರು ಈಗ ಮೊಬೈಲ್ ಬಿಡುವ ಮಾತಾಡುತ್ತಾರೆ. ನಗಬೇಡಿ, ಬಿಟ್ಟದ್ದರಿಂದ ಉಳಿದುದನ್ನು ಬಡವರಿಗೆ ಕೊಡಬೇಕೆಂಬ ಹಳೆಯ ನಿಯಮ ಅದಕ್ಕೂ ಅನ್ವಯಿಸುತ್ತದೆ. ಮೊಬೈಲಿನಿಂದ ಉಳಿಯುವ ಹೊತ್ತನ್ನು ಯಾರಿಗೆ ಕೊಡುವುದೆಂಬುದೇ ಕಷ್ಟದ ಪ್ರಶ್ನೆ.

ಚಿತ್ರದುರ್ಗ ಜಿಲ್ಲೆಯ ಕಥೋಲಿಕರು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವರು. ಎರಡನೆಯ ವ್ಯಾಟಿಕನ್ ಸಭೆ 1963ರಲ್ಲಿ ದೇಶಭಾಷೆಗಳಿಗೆ ದಾರಿ ತೆರೆದ ಮೇಲೆ ಲತೀನಿನ ಜಾಗಕ್ಕೆ ಕನ್ನಡ ಬಂದಿತು. ಈಸ್ಟರ್ ಹಿಂದಿನ ಶನಿವಾರ ರಾತ್ರಿ ಇಂಥ ಒಂದು ಚರ್ಚಿಗೆ ಹೋದರೆ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದ ಬತ್ತಿಗೆ ಜ್ಯೋತಿ ತಾಗಿಸಿ ಒಳಗೆ ತರುತ್ತಾರೆ; ಅದರಿಂದ ಒಬ್ಬೊಬ್ಬರಾಗಿ ತಮ್ಮ ಕೈಯ ಬತ್ತಿ ಹೊತ್ತಿಸಿಕೊಳ್ಳುತ್ತಾರೆ. ಆ ದೊಡ್ಡ ಬತ್ತಿಯನ್ನು ಹತ್ತಿರದಿಂದ ನೋಡಿ. ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ, ಶಿಲುಬೆಯ ನಾಲ್ಕು ಮೂಲೆಗಳಲ್ಲಿ, ಆ ವರ್ಷದ ನಾಲ್ಕು ಅಂಕಿಗಳಿರುತ್ತವೆ.