ಎರಡನೆಯ ಡಿಕಾಕ್ಷನ್

ಕಾಫಿಪುಡಿಯನ್ನು ಕುದಿಸಬೇಕೆ, ಇಳಿಸಬೇಕೆ? ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಅತ್ತೆ-ಸೊಸೆಯರ ನಡುವೆ ಬಾಯಿಬಿಟ್ಟು ನಡೆಯುತ್ತಿದ್ದ ಒಂದೇ ಒಂದು ವಿವಾದವೆಂದರೆ ಇದು. ಅಜ್ಜಿ ಕುದಿಯುವ ನೀರಿಗೆ ಪುಡಿ ಹಾಕಿ, ಉಕ್ಕು ಬಂದೊಡನೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಬೆರೆಸುತ್ತಿದ್ದರು. ಅಮ್ಮನದು ತವರಿನಿಂದ ತಂದ ಹಿತ್ತಾಳೆಯ ಫಿಲ್ಟರು.

“ನಿನ್ನದು ತೊಟ್ಟಿಕ್ಕಿ ಮುಗಿಯುವುದರೊಳಗೆ ಬಂದವರು ಊಟಕ್ಕೇ ನಿಲ್ಲುತ್ತಾರಲ್ಲೇ!” ಎನ್ನುವರು ಅಜ್ಜಿ.

“ಕುದಿಸಿದರೆ ಕಷಾಯವಾಗುತ್ತೆ ಅತ್ತೆ,” ಎನ್ನುವಳು ಅಮ್ಮ, ಮೆಲ್ಲಗೆ.

ಈ ವ್ಯಾಜ್ಯ ನಮ್ಮ ಅಡಿಗೆಮನೆಗಿಂತ ಬಹಳ ಹಳೆಯದೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಅಜ್ಜಿಯ ಪಕ್ಷದಲ್ಲಿ ಅರಬರೂ ತುರ್ಕರೂ ಇದ್ದರು. 15ನೆಯ ಶತಮಾನದಲ್ಲಿ ಯೆಮನ್ನಿನ ಸೂಫಿಗಳು ಇರುಳಿನ ಪ್ರಾರ್ಥನೆಗೆ ಎಚ್ಚರವಾಗಿರಲು ಕುಡಿದ ಕಾಫಿ ಕುದಿಸಿದ್ದೇ. ಬಾಬಾ ಬುಡನ್ 17ನೆಯ ಶತಮಾನದಲ್ಲಿ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಐತಿಹ್ಯವಿರುವುದೂ ಆ ಯೆಮನ್ನಿನಿಂದಲೇ.

ಅಮ್ಮನ ಪಕ್ಷದಲ್ಲಿ ಫ್ರೆಂಚರು. ಕುದಿತ ಹೆಚ್ಚಿದರೆ ಘಮ ಆವಿಯೊಡನೆ ಹಾರಿಹೋಗಿ ಕಹಿ ಉಳಿಯುತ್ತದೆಂದು ಕಂಡುಕೊಂಡ ಅವರು, 18ನೆಯ ಶತಮಾನದಲ್ಲಿ ಪುಡಿಯನ್ನು ಬಟ್ಟೆಚೀಲದಲ್ಲಿಟ್ಟು ಬಿಸಿನೀರು ಹೊಯ್ದರು. 1800ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಎರಡಂತಸ್ತಿನ ತೂತುಪಾತ್ರೆ ಬಂದಿತು. 1908ರಲ್ಲಿ ಡ್ರೆಸ್ಡನ್ನಿನ ಗೃಹಿಣಿ ಮೆಲಿಟಾ ಬೆಂಟ್ಸ್ ಹಿತ್ತಾಳೆಯ ಪಾತ್ರೆಗೆ ತೂತು ಕೊರೆದು, ಮಗನ ಒತ್ತುಕಾಗದವನ್ನು ಅದರಲ್ಲಿ ಹಾಸಿ, ಆ ಉಪಾಯಕ್ಕೆ ಪೇಟೆಂಟನ್ನೂ ಪಡೆದಳು. ತಿಂಗಳ ಕೊನೆಯಲ್ಲಿ ನಮ್ಮ ಡಬ್ಬಿಯಲ್ಲಿ ಹೆಚ್ಚುತ್ತಿದ್ದ ಚಿಕೋರಿಗೂ ಒಂದು ಚರಿತ್ರೆಯಿದೆ: 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ಸರಕಿಗೆ ಯೂರೋಪಿನ ರೇವುಗಳನ್ನು ಮುಚ್ಚಿದಾಗ ಕಾಫಿಗೆ ಬರ ಬಂದು, ಈ ಹುರಿದ ಬೇರು ಅಲ್ಲಿನ ಮನೆಮನೆಗೂ ನುಗ್ಗಿತು.

ಇಷ್ಟೆಲ್ಲ ಓದಿ ತಿಳಿದ ಮೇಲೆ, ಪುಸ್ತಕಗಳಲ್ಲಿ ಕಾಣದ ಒಂದು ಸಂಗತಿ ನೆನಪಾಗುತ್ತದೆ. ನಮ್ಮಲ್ಲಿ ಮೊದಲ ಡಿಕಾಕ್ಷನ್ ಗಂಡಸರಿಗೆ, ಬಂದವರಿಗೆ. ಅದೇ ಚರಟದ ಮೇಲೆ ಮತ್ತೆ ನೀರು ಹೊಯ್ದಾಗ ಇಳಿಯುವ ತೆಳ್ಳನೆಯ ಎರಡನೆಯದು ಅಮ್ಮನಿಗೆ. ಅಜ್ಜಿ ಕುದಿಸಿದ ದಿನವೂ ಅಷ್ಟೇ. ಉಳಿದ ಗಸಿಯನ್ನು ಮತ್ತೊಮ್ಮೆ ಕುದಿಸಿಕೊಂಡು ಅವರು ಕುಡಿಯುತ್ತಿದ್ದರು. ಈ ವಿಷಯದಲ್ಲಿ ಮಾತ್ರ ಅವರಿಬ್ಬರಲ್ಲಿ ವಿವಾದವಿರಲಿಲ್ಲ. ನಮಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ.

ಆ ಹಿತ್ತಾಳೆಯ ಫಿಲ್ಟರು ಈಗ ನನ್ನಲ್ಲಿದೆ. ಬೆಳಗ್ಗೆ ನಾನೇ ಪುಡಿ ಹಾಕುತ್ತೇನೆ. ಮೊದಲ ಲೋಟ ಮನೆಯಾಕೆಗೆ. ಅಮ್ಮ ಇದ್ದಾಗ ಇದನ್ನು ಕಲಿಯಲಿಲ್ಲ.