ಬ್ರೆಡ್ಡಿನ ಸಾಲಕ್ಕೆ ಎರಡು ಚಿತ್ರ

1676ರ ಜನವರಿ 27ರಂದು ಹಾಲೆಂಡಿನ ಡೆಲ್ಫ್ಟ್ ಎಂಬ ಪಟ್ಟಣದಲ್ಲಿ ಒಬ್ಬ ವಿಧವೆ ಮತ್ತು ಒಬ್ಬ ಬೇಕರಿ ಮಾಲೀಕನ ನಡುವೆ ಕರಾರೊಂದಾಯಿತು. ಆಕೆಯ ಗಂಡ ತೀರಿಕೊಂಡು ಇನ್ನೂ ಆರು ವಾರ ಕಳೆದಿತ್ತಷ್ಟೆ. ಮನೆಯಲ್ಲಿ ಹನ್ನೊಂದು ಮಕ್ಕಳು. ಬೇಕರಿಗೆ ಕೊಡಬೇಕಾದ ಬಾಕಿ 617 ಗಿಲ್ಡರ್ ಮತ್ತು 6 ಸ್ಟೈವರ್. ಈ ಮೊತ್ತ ಎರಡು ಮೂರು ವರ್ಷಗಳ ಬ್ರೆಡ್ಡಿನ ಲೆಕ್ಕವಾಗಿರಬೇಕು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಕೈಯಲ್ಲಿ ಕಾಸಿಲ್ಲದ ಆ ಹೆಂಗಸು ಗಂಡ ಬರೆದಿದ್ದ ಎರಡು ಚಿತ್ರಗಳನ್ನು ಬೇಕರಿಯವನ ವಶಕ್ಕೆ ಒಪ್ಪಿಸಿದಳು. ವರ್ಷಕ್ಕೆ 50 ಗಿಲ್ಡರಿನಂತೆ ಸಾಲ ತೀರಿಸಿದರೆ ಚಿತ್ರಗಳನ್ನು ಹಿಂದಕ್ಕೆ ಪಡೆಯಬಹುದೆಂದು ಕರಾರಿನಲ್ಲಿ ಬರೆಯಲಾಗಿತ್ತು. ಲೆಕ್ಕ ಹಾಕಿದರೆ ಅದಕ್ಕೆ ಹನ್ನೆರಡು ವರ್ಷಕ್ಕೂ ಮಿಕ್ಕಿ ಕಾಲ ಬೇಕು.

ವಿಧವೆಯ ಹೆಸರು ಕ್ಯಾಥರಿನಾ ಬೋಲ್ನೆಸ್. ಬೇಕರಿಯವನು ಹೆಂಡ್ರಿಕ್ ವಾನ್ ಬೈಟೆನ್. ಸತ್ತ ಗಂಡ ಯೊಹಾನ್ನೆಸ್ ವರ್ಮೀರ್. ಇಂದು ಜಗತ್ತಿನಲ್ಲಿ ಆತನದೆಂದು ಒಪ್ಪಿಕೊಂಡಿರುವ ಚಿತ್ರಗಳು ಸುಮಾರು 37 ಮಾತ್ರ. 2023ರಲ್ಲಿ ಅವುಗಳಲ್ಲಿ 28ನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಒಂದೆಡೆ ಸೇರಿಸಿದಾಗ ನಾಲ್ಕು ತಿಂಗಳೊಳಗೆ ಆರೂವರೆ ಲಕ್ಷ ಜನ ಬಂದು ನೋಡಿದರು. ಅವರೆಲ್ಲ ನೋಡಲು ಬಂದದ್ದು ರಾಜರ ಪಟ್ಟಾಭಿಷೇಕವನ್ನಾಗಲಿ ಯುದ್ಧವನ್ನಾಗಲಿ ಅಲ್ಲ. ಹಾಲು ಸುರಿಯುವ ಕೆಲಸದಾಕೆ, ಕಾಗದ ಓದುವ ಹೆಣ್ಣು, ಲೇಸ್ ಹೆಣೆಯುವ ಹುಡುಗಿ, ಹೊಸ್ತಿಲ ಬಳಿ ಹೊಲಿಗೆ ಹಿಡಿದು ಕುಳಿತ ಗೃಹಿಣಿ: ಇಷ್ಟೇ. ಇಷ್ಟು ಸಾಮಾನ್ಯವಾದುದರಲ್ಲಿ ಒಬ್ಬ ಕಲಾವಿದ ಏನನ್ನು ಕಂಡ? ಅದನ್ನು ಆತನ ಕಾಲದವರು ಎಷ್ಟರಮಟ್ಟಿಗೆ ಕಂಡರು?

ಕಮ್ಮಾರನ ಕುಲುಮೆಯ ಬಳಿಯೂ ಚಿತ್ರ

ಹದಿನೇಳನೆಯ ಶತಮಾನದ ಯೂರೋಪಿನಲ್ಲಿ ಚಿತ್ರಕಲೆಗೆ ಆಶ್ರಯ ನೀಡುತ್ತಿದ್ದವರು ಬಹುಮಟ್ಟಿಗೆ ಎರಡು ಬಗೆಯವರು: ಅರಮನೆಯವರು, ಇಲ್ಲವೇ ಇಗರ್ಜಿಯವರು. ಹಾಲೆಂಡಿನ ಪರಿಸ್ಥಿತಿ ಬೇರೆಯಾಗಿತ್ತು. ಸ್ಪೇನಿನ ದೊರೆಯ ವಿರುದ್ಧ ಬಂಡೆದ್ದು ಗಣರಾಜ್ಯವಾಗಿದ್ದ ನಾಡದು. ಅಲ್ಲಿನ ಪ್ರಾಟೆಸ್ಟಂಟ್ ಇಗರ್ಜಿಗಳು ಒಳಗೋಡೆಗಳಲ್ಲಿ ದೇವರ ಚಿತ್ರಗಳನ್ನು ಇಡುತ್ತಿರಲಿಲ್ಲ. ಹೀಗಾಗಿ ಚಿತ್ರಕಾರರು ತಮ್ಮ ಗಿರಾಕಿಗಳನ್ನು ಪೇಟೆಯಲ್ಲಿಯೇ ಹುಡುಕಿಕೊಳ್ಳಬೇಕಾಯಿತು. ಬಟ್ಟೆ ವ್ಯಾಪಾರಿ, ಹೆಂಡ ಬಟ್ಟಿ ಇಳಿಸುವವ, ವಕೀಲ, ಬೇಕರಿಯವ, ಇವರೇ ಕಲೆಯನ್ನು ಕೊಂಡವರು. ಕೊಳ್ಳುವವನ ಮನೆಯ ಗೋಡೆ ಚಿಕ್ಕದು. ಆದ್ದರಿಂದ ಚಿತ್ರವೂ ಚಿಕ್ಕದಾಯಿತು. ಅವನಿಗೆ ಗೊತ್ತಿದ್ದುದು ತನ್ನ ಮನೆ, ತನ್ನ ಬೀದಿ. ಚಿತ್ರದ ವಸ್ತುವೂ ಅದೇ ಆಯಿತು.

1637ರಲ್ಲಿ ನಮ್ಮ ಭಟ್ಕಳಕ್ಕೂ ಬಂದು ಹೋಗಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ಯಾತ್ರಿಕ 1640ರಲ್ಲಿ ಹಾಲೆಂಡಿಗೆ ಹೋದಾಗ ಇದನ್ನು ಕಂಡು ಬೆರಗಾದ. ಅಲ್ಲಿ ಮಾಂಸದ ಅಂಗಡಿಯವರೂ ಬೇಕರಿಯವರೂ ಅಂಗಡಿಯಲ್ಲಿ ಚಿತ್ರ ತೂಗುಹಾಕುತ್ತಾರೆ, ಕಮ್ಮಾರ ಕುಲುಮೆಯ ಬಳಿ, ಚಮ್ಮಾರ ತಾನು ಕೂರುವ ಕಡೆ ಒಂದಾದರೂ ಚಿತ್ರ ಇಟ್ಟುಕೊಂಡಿರುತ್ತಾರೆ ಎಂದು ಆತ ಬರೆದುಕೊಂಡಿದ್ದಾನೆ.

ವರ್ಮೀರ್ ಹುಟ್ಟಿದ್ದು ಇಂಥ ಪೇಟೆಯ ನಡುವೆಯೇ, 1632ರಲ್ಲಿ. ತಂದೆ ನೇಯ್ಗೆಯ ಕಸುಬಿನವನು. ಆಮೇಲೆ ಮಾರುಕಟ್ಟೆ ಚೌಕದಲ್ಲಿ ಛತ್ರದಂಥ ಹೋಟೆಲು ನಡೆಸುತ್ತ ಚಿತ್ರಗಳ ವ್ಯಾಪಾರವನ್ನೂ ಮಾಡಿದವನು. ಮಗ 1653ರಲ್ಲಿ ಚಿತ್ರಕಾರರ ಸಂಘಕ್ಕೆ ಸೇರಿದ. ಅದೇ ವರ್ಷ ಮದುವೆಯಾದ. ಮುಂದೆ ಅತ್ತೆಯ ಮನೆಯಲ್ಲೇ ಸಂಸಾರ. ವರ್ಷಕ್ಕೆ ಎರಡು ಮೂರಕ್ಕಿಂತ ಹೆಚ್ಚು ಚಿತ್ರಗಳನ್ನು ಆತ ಬರೆದಂತಿಲ್ಲ.

ಒಣಗಿದ ಬ್ರೆಡ್ಡು, ತೆಳ್ಳನೆಯ ಹಾಲು

ವರ್ಮೀರನ 'ಹಾಲು ಸುರಿಯುವಾಕೆ' ಚಿತ್ರವನ್ನು ಕ್ಯಾಲೆಂಡರಿನಲ್ಲೋ ಪುಸ್ತಕದಲ್ಲೋ ನೀವು ನೋಡಿರಬಹುದು. ಅದರ ಅಳತೆ ಸುಮಾರು 45 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಹಳದಿ ರವಿಕೆ ತೊಟ್ಟು ನೀಲಿ ಏಪ್ರನ್ ಕಟ್ಟಿಕೊಂಡ ಗಟ್ಟಿಮುಟ್ಟಾದ ಕೆಲಸದಾಕೆ ಹೂಜಿಯಿಂದ ಮಣ್ಣಿನ ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ಬುಟ್ಟಿಯ ತುಂಬ ಬ್ರೆಡ್ಡು, ಅದರ ಮುಂದೆ ಮುರಿದ ತುಂಡುಗಳು. ಒಣಗಿ ಗಟ್ಟಿಯಾದ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಪುಡಿಂಗ್ ಮಾಡುವ ತಯಾರಿ ಇದೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಇದು ಉಳಿದುದನ್ನು ಬಿಸಾಡದ ಗೃಹಕೃತ್ಯದ ಚಿತ್ರ. ನಮ್ಮ ಮನೆಗಳಲ್ಲಿ ರಾತ್ರಿಯ ಅನ್ನ ಬೆಳಗಿನ ಚಿತ್ರಾನ್ನವಾದಂತೆ.

ಆ ಬ್ರೆಡ್ಡನ್ನು ಹತ್ತಿರದಿಂದ ನೋಡಿದರೆ ಅಲ್ಲಿರುವುದು ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು. ದೂರ ನಿಂತರೆ ಅವೇ ಚುಕ್ಕಿಗಳು ಸಿಪ್ಪೆಯ ಗರಿಗರಿಯಾಗಿ, ಅದರ ಮೇಲೆ ಬಿದ್ದ ಬೆಳಕಾಗಿ ಕಾಣುತ್ತವೆ. ಹಿಂದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ, ಹಿಂದೆ ಮೊಳೆ ಹೊಡೆದು ಕಿತ್ತ ತೂತುಗಳು, ಮೊಳೆಯ ಪುಟ್ಟ ನೆರಳು. ಕಿಟಕಿಯಲ್ಲಿ ಒಂದು ಗಾಜು ಒಡೆದಿದೆ. ನಾವು ದಿನವೂ ನೋಡಿಯೂ ನೋಡದ ಸಂಗತಿಗಳಿವು.

ಹಾಗೆಂದು ಆತ ಕಂಡದ್ದನ್ನೆಲ್ಲ ಬರೆದನೆಂದು ತಿಳಿಯಬಾರದು. ರೈಕ್ಸ್ ಮ್ಯೂಸಿಯಂ ತಜ್ಞರು ವಿಶೇಷ ಕಿರಣಗಳ ನೆರವಿನಿಂದ ಈ ಚಿತ್ರದ ಒಳಪದರಗಳನ್ನು ಪರೀಕ್ಷಿಸಿ 2022ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಆಕೆಯ ತಲೆಯ ಹಿಂದೆ, ಗೋಡೆಯ ಮೇಲೆ, ಹೂಜಿಗಳನ್ನು ತೂಗುಹಾಕುವ ಹಲಗೆಯೊಂದನ್ನು ವರ್ಮೀರ್ ಮೊದಲು ಬರೆಯತೊಡಗಿದ್ದ. ಕೆಳಗೆ ಬಲಬದಿಯಲ್ಲಿ, ಕೆಂಡದ ಶಾಖದಲ್ಲಿ ಕೂಸಿನ ಬಟ್ಟೆ ಒಣಗಿಸುವ ಬುಟ್ಟಿ ಇತ್ತು. ಎರಡನ್ನೂ ಆತ ಅಳಿಸಿಹಾಕಿದ. ಉಳಿದದ್ದು ಖಾಲಿ ಗೋಡೆ, ಬೆಳಕು ಮತ್ತು ಹಾಲಿನ ತೆಳ್ಳನೆಯ ಧಾರೆ. ನಿತ್ಯದ ಬದುಕಿನಿಂದ ಸ್ಫೂರ್ತಿ ಪಡೆಯುವುದೆಂದರೆ ಎಲ್ಲವನ್ನೂ ತುಂಬಿಕೊಳ್ಳುವುದಲ್ಲ, ಯಾವುದನ್ನು ಬಿಡಬೇಕೆಂದು ತಿಳಿಯುವುದು. ಆ ಖಾಲಿ ಗೋಡೆ ಹೇಳುವುದು ಇದನ್ನೇ.

ಆತನ ನಿಜವಾದ ಮನೆ ಹೀಗೆ ನಿಶ್ಶಬ್ದವಾಗಿರಲಿಲ್ಲ. ಅಷ್ಟೊಂದು ಮಕ್ಕಳಿದ್ದ ಮನೆಯ ಯಜಮಾನ ಬರೆದ ಒಳಾಂಗಣದ ಚಿತ್ರಗಳಲ್ಲಿ ಒಂದು ಮಗುವೂ ಇಲ್ಲ. ಸಂಸಾರದಲ್ಲಿ ಹಿಂಸೆಯೂ ಇತ್ತು. ಕ್ಯಾಥರಿನಾಳ ಅಣ್ಣನೋ ತಮ್ಮನೋ ಆದ ವಿಲ್ಲೆಮ್, ಬಸುರಿಯಾಗಿದ್ದ ಆಕೆಯ ಮೇಲೆ ಕಬ್ಬಿಣದ ಮೊನೆಯ ಕೋಲಿನಿಂದ ಎರಗುತ್ತಿದ್ದನೆಂದು 1666ರಲ್ಲಿ ನೀಡಿದ ಸಾಕ್ಷ್ಯ ದಾಖಲೆಗಳಲ್ಲಿದೆ. ಅಡ್ಡ ಬಂದು ಕಾಪಾಡಿದವಳು ಮನೆಗೆಲಸದ ಟ್ಯಾನೆಕೆ. ಚಿತ್ರದ ಶಾಂತಿ ಆತನಿಗೆ ಮನೆಯಲ್ಲಿ ಸಿಕ್ಕಿದ್ದಲ್ಲ, ಆತನೇ ಕಟ್ಟಿಕೊಂಡದ್ದು.

ಕೋಣೆಯೊಳಗೆ ಬಂದ ಲೋಕ

ವರ್ಮೀರ್ ದೂರದ ಊರುಗಳನ್ನು ಸುತ್ತಿದ ಎನ್ನಲು ದಾಖಲೆಗಳಿಲ್ಲ. ಆದರೆ ಆತನ ಚಿತ್ರಗಳ ಕೋಣೆಗಳಲ್ಲಿ ದೂರದ ಲೋಕವೆಲ್ಲ ಬಂದು ಕುಳಿತಿದೆ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಆರು ಶಾಖೆಗಳಲ್ಲಿ ಒಂದು ಡೆಲ್ಫ್ಟ್‌ನಲ್ಲಿಯೇ ಇತ್ತು. ಆ ಕಂಪನಿಯ ಹಡಗುಗಳು ತಂದ ಚೀನೀ ಪಿಂಗಾಣಿ ಆತನ ಚಿತ್ರಗಳ ಮೇಜಿನ ಮೇಲಿದೆ. ಅದೇ ಮೇಜಿಗೆ ಹೊದಿಸಿದ್ದು ಪೂರ್ವದೇಶಗಳ ರತ್ನಗಂಬಳಿ. ಆತನ 'ಭೂಗೋಳಶಾಸ್ತ್ರಜ್ಞ' ತೊಟ್ಟಿರುವುದು ಜಪಾನೀ ಮಾದರಿಯ ನಿಲುವಂಗಿ. ಗೋಡೆಗಳ ಮೇಲೆ ಭೂಪಟಗಳು. ಇವು ಕಲ್ಪನೆಯಲ್ಲ. ಆಗ ಅಚ್ಚಾಗಿ ಮಾರಾಟಕ್ಕಿದ್ದ ಭೂಪಟಗಳೇ ಎಂದು ಗುರುತಿಸಲಾಗಿದೆ.

ಹಾಲು ಸುರಿಯುವಾಕೆಯ ಏಪ್ರನ್ನಿನ ನೀಲಿಯೂ ದೂರದಿಂದ ಬಂದದ್ದು. ಆಫ್ಘಾನಿಸ್ತಾನದ ಬದಕ್ಷಾನಿನ ಗಣಿಗಳಲ್ಲಿ ಸಿಗುವ ಲ್ಯಾಪಿಸ್ ಲಾಜುಲಿ ಎಂಬ ನೀಲಿ ಕಲ್ಲನ್ನು ಅರೆದು, ಸೋಸಿ ತೆಗೆದ ಬಣ್ಣ ಅದು. ಬೆಲೆ ವಿಪರೀತ. ಬೇರೆಯವರು ಅದನ್ನು ಕನ್ಯೆ ಮೇರಿಯ ಉಡುಪಿಗೆ ಮೀಸಲಿಡುತ್ತಿದ್ದರು. ವರ್ಮೀರ್ ಅದನ್ನು ಅಡುಗೆಮನೆಯ ಕೆಲಸದಾಕೆಗೆ ಉಡಿಸಿದ.

ಹೊರಗಿನಿಂದ ಬಂದ ವಸ್ತು ಊರಿನ ಕಸುಬನ್ನೂ ಬದಲಿಸಿತು. ಚೀನಾದಲ್ಲಿ ಮಿಂಗ್ ವಂಶ ಕುಸಿದು ಪಿಂಗಾಣಿಯ ಸರಬರಾಜು ಕಡಿಮೆಯಾದಾಗ ಡೆಲ್ಫ್ಟ್‌ನ ಕುಂಬಾರರು ಅದರ ನಕಲು ತಯಾರಿಸತೊಡಗಿದರು. ಮುಚ್ಚಿಹೋದ ಬಿಯರ್ ಭಟ್ಟಿಗಳಲ್ಲಿ ಕುಂಬಾರಿಕೆಯ ಒಲೆಗಳು ಹೊತ್ತಿಕೊಂಡವು. ನೀಲಿ ಬಿಳಿಯ 'ಡೆಲ್ಫ್ಟ್' ಪಾತ್ರೆ, ಬಿಲ್ಲೆಗಳು ಲೋಕಪ್ರಸಿದ್ಧವಾದವು. ಹಾಲು ಸುರಿಯುವಾಕೆಯ ಹಿಂದೆ, ಗೋಡೆಯ ಬುಡದಲ್ಲಿ ಸಾಲಾಗಿ ಜೋಡಿಸಿರುವುದು ಈ ಊರಿನ ಬಿಲ್ಲೆಗಳನ್ನೇ.

ಕತ್ತಲೆಯ ಪೆಟ್ಟಿಗೆ

ವರ್ಮೀರನ ಚಿತ್ರಗಳನ್ನು ನೋಡಿದವರು ಸಾಮಾನ್ಯವಾಗಿ ಆಡುವ ಮಾತು ಒಂದಿದೆ: 'ಫೋಟೋ ತೆಗೆದ ಹಾಗಿದೆ.' ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ, ಆತ ಸತ್ತು 164 ವರ್ಷಗಳ ನಂತರ. ಆದರೆ ಕ್ಯಾಮೆರಾದ ಪೂರ್ವಜ ಆತನ ಕಾಲದಲ್ಲೇ ಇತ್ತು. ಕತ್ತಲೆಯ ಕೋಣೆ ಅಥವಾ ಪೆಟ್ಟಿಗೆಗೆ ಒಂದು ಸಣ್ಣ ರಂಧ್ರ ಮಾಡಿ ಮಸೂರ ಕೂರಿಸಿದರೆ ಹೊರಗಿನ ದೃಶ್ಯ ಒಳಗಿನ ಪರದೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಇದೇ 'ಕ್ಯಾಮೆರಾ ಅಬ್ಸ್ಕೂರಾ'.

ಆತನ ಒಂದು ಚಿತ್ರದಲ್ಲಿ ಮುಂದೆ ಕುಳಿತ ಸೈನ್ಯಾಧಿಕಾರಿ ಎದುರಿನ ಹುಡುಗಿಗಿಂತ ಬಹಳ ದೊಡ್ಡದಾಗಿ ಕಾಣುತ್ತಾನೆ. ಮಸೂರದಲ್ಲಿ ನೋಡಿದಾಗ ಹೀಗೆ ಕಾಣುವುದುಂಟು ಎಂದು ಜೋಸೆಫ್ ಪೆನ್ನೆಲ್ 1891ರಲ್ಲಿಯೇ ಗಮನಿಸಿದ್ದ. ಲಂಡನ್ನಿನ ಫಿಲಿಪ್ ಸ್ಟೆಡ್‌ಮನ್ 2001ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕೋಣೆಗಳ ಅಳತೆಯನ್ನೇ ಲೆಕ್ಕ ಹಾಕಿ ಈ ವಾದವನ್ನು ಮುಂದುವರಿಸಿದ. ಒಪ್ಪದವರೂ ಇದ್ದಾರೆ. ಆತ ಸತ್ತ ಮೇಲೆ ಮಾಡಿದ ಮನೆಯ ಸಾಮಾನಿನ ಪಟ್ಟಿಯಲ್ಲಿ ಎರಡು ಚಿತ್ರಫಲಕದ ಚೌಕಟ್ಟು, ಮೂರು ಬಣ್ಣದ ಹಲಗೆ, ಹತ್ತು ಕ್ಯಾನ್‌ವಾಸ್ ಇವೆ. ಅಂಥ ಪೆಟ್ಟಿಗೆ ಇಲ್ಲ. ಮೇಲಾಗಿ ಹಲವು ಚಿತ್ರಗಳಲ್ಲಿ ಸೂಜಿಯ ಗುರುತು ಸಿಕ್ಕಿದೆ. ಆ ಸೂಜಿಗೆ ದಾರ ಕಟ್ಟಿ ಎಳೆದು ಗೆರೆಗಳ ಓಟ ಸರಿಪಡಿಸಿಕೊಳ್ಳುವುದು ಆ ಕಾಲದ ಚಿತ್ರಕಾರರ ರೂಢಿ.

ಪೆಟ್ಟಿಗೆ ಇತ್ತೋ ಇಲ್ಲವೋ, ಮಸೂರದ ಸುದ್ದಿ ಆ ಊರಿನ ಗಾಳಿಯಲ್ಲೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಜೀವಾಣುಗಳನ್ನು ಕಂಡ ಆಂಟೋನಿ ವಾನ್ ಲೇವೆನ್‌ಹೂಕ್ ಹುಟ್ಟಿದ್ದೂ 1632ರಲ್ಲಿ, ಅದೇ ಡೆಲ್ಫ್ಟ್‌ನಲ್ಲಿ. ವರ್ಮೀರ್ ಸತ್ತ ಮೇಲೆ ಆತನ ಆಸ್ತಿ, ಸಾಲಗಳ ಮೇಲ್ವಿಚಾರಣೆಗೆ ಊರಿನವರು ನೇಮಿಸಿದ್ದು ಈತನನ್ನೇ. ಒಬ್ಬ ನೀರಿನ ಹನಿಯಲ್ಲಿ, ಇನ್ನೊಬ್ಬ ಬ್ರೆಡ್ಡಿನ ಸಿಪ್ಪೆಯಲ್ಲಿ ಯಾರೂ ಕಾಣದ್ದನ್ನು ಕಂಡರು.

ಯಾತ್ರಿಕನಿಗೆ ಕಾಣದ್ದು

1663ರ ಆಗಸ್ಟ್‌ನಲ್ಲಿ ಬಾಲ್ತಜಾರ್ ದ ಮೊಂಕೊನಿ ಎಂಬ ಫ್ರೆಂಚ್ ಯಾತ್ರಿಕ ವರ್ಮೀರನನ್ನು ನೋಡಲು ಬಂದ. ತೋರಿಸಲು ಆತನ ಬಳಿ ಒಂದು ಚಿತ್ರವೂ ಇರಲಿಲ್ಲ. ಅತಿಥಿ ಕೊನೆಗೆ ಒಂದನ್ನು ಬೇಕರಿಯವನ ಮನೆಯಲ್ಲಿ ನೋಡಿದ. ಅದಕ್ಕೆ 600 ಲಿವ್ರ್ ಕೊಟ್ಟಿದ್ದೇನೆಂದು ಬೇಕರಿಯವ ಹೇಳಿದ. ಒಬ್ಬಳೇ ಹೆಂಗಸಿರುವ ಚಿತ್ರಕ್ಕೆ ಇಷ್ಟೊಂದೇ ಎಂದು ಯಾತ್ರಿಕ ಮೂಗು ಮುರಿದ. ಅದರ ಹತ್ತನೆಯ ಒಂದು ಪಾಲು ಕೊಟ್ಟರೂ ಹೆಚ್ಚೇ ಎಂಬುದು ಆತನ ಎಣಿಕೆ. ಆ ಬೇಕರಿಯವ ವಾನ್ ಬೈಟೆನ್ನನೇ ಇರಬೇಕೆಂದು ಊಹಿಸಲಾಗಿದೆ. ದೇಶ ಸುತ್ತಿದವನಿಗೆ ಕಾಣದ ಬೆಲೆ ಒಲೆಯ ಮುಂದೆ ಬದುಕುವವನಿಗೆ ಕಂಡಿತ್ತು.

1672ರಲ್ಲಿ ಫ್ರಾನ್ಸ್ ಹಾಲೆಂಡಿನ ಮೇಲೆ ದಂಡೆತ್ತಿ ಬಂತು. ಶತ್ರುವನ್ನು ತಡೆಯಲು ಡಚ್ಚರು ತಮ್ಮ ಹೊಲಗಳಿಗೇ ನೀರು ನುಗ್ಗಿಸಿದರು. ವ್ಯಾಪಾರ ಕುಸಿಯಿತು. ಚಿತ್ರ ಕೊಳ್ಳುವವರು ಇಲ್ಲವಾದರು. ತನ್ನ ಚಿತ್ರಗಳು ಮಾರಾಟವಾಗದೆ, ವ್ಯಾಪಾರಕ್ಕೆಂದು ತಂದಿಟ್ಟ ಇತರರ ಚಿತ್ರಗಳೂ ಬಿಕರಿಯಾಗದೆ, ಮಕ್ಕಳ ಭಾರ ಹೊತ್ತ ಗಂಡ ಕಂಗೆಟ್ಟು ಒಂದೂವರೆ ದಿನದಲ್ಲಿ ಆರೋಗ್ಯದಿಂದ ಸಾವಿಗೆ ಜಾರಿದನೆಂದು ಕ್ಯಾಥರಿನಾ ಮುಂದೆ ಅರ್ಜಿಯಲ್ಲಿ ತೋಡಿಕೊಂಡಿದ್ದಾಳೆ. 1675ರ ಡಿಸೆಂಬರ್‌ನಲ್ಲಿ ಆತನನ್ನು ಮಣ್ಣು ಮಾಡಿದಾಗ ವಯಸ್ಸು 43.

1696ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆತನ 21 ಚಿತ್ರಗಳು ಹರಾಜಾದವು. ಹಾಲು ಸುರಿಯುವಾಕೆಗೆ 175 ಗಿಲ್ಡರ್ ಬಂತು. ಆಮೇಲೆ ಆತನ ಹೆಸರು ಮಸುಕಾಯಿತು. 'ಮುತ್ತಿನ ಓಲೆಯ ಹುಡುಗಿ' 1881ರಲ್ಲಿ ಹೇಗ್‌ನಲ್ಲಿ ಹರಾಜಾದದ್ದು ಎರಡು ಗಿಲ್ಡರಿಗೆ. ಮೇಲೆ ಮೂವತ್ತು ಸೆಂಟ್ ಶುಲ್ಕ.

ಮರೆತವನನ್ನು ಮತ್ತೆ ಹುಡುಕಿಕೊಟ್ಟ ಕೀರ್ತಿ ಬಹುಮಟ್ಟಿಗೆ ತಿಯೊಫೀಲ್ ತೊರೆ ಎಂಬ ಫ್ರೆಂಚ್ ವಿಮರ್ಶಕನದು. ರಾಜಕೀಯ ಕಾರಣದಿಂದ ದೇಶ ಬಿಟ್ಟು ತಿರುಗುತ್ತಿದ್ದ ಈತ ಊರೂರಿನ ಸಂಗ್ರಹಗಳಲ್ಲಿ ವರ್ಮೀರನನ್ನು ಅರಸಿದ. ಚಿತ್ರಗಳನ್ನು ಹೋಲಿಸಿ ನೋಡಲು ಅವುಗಳ ಫೋಟೋಗಳನ್ನು ಹಣ ಸುರಿದು ಸಂಪಾದಿಸಿದ. 1866ರಲ್ಲಿ ಆತನ ಲೇಖನಗಳು ಪ್ಯಾರಿಸ್ಸಿನಲ್ಲಿ ಪ್ರಕಟವಾದವು. ಕ್ಯಾಮೆರಾದ ಪೂರ್ವಜನನ್ನು ಬಳಸಿದ್ದನೋ ಇಲ್ಲವೋ ಎಂದು ಇಂದಿಗೂ ಚರ್ಚೆಯಾಗುವ ಕಲಾವಿದನಿಗೆ ಕ್ಯಾಮೆರಾವೇ ಮರುಹುಟ್ಟು ನೀಡಲು ನೆರವಾಯಿತು.

ಬೇಕರಿಯವನ ವಿಷಯಕ್ಕೆ ಬಂದರೆ, 1701ರಲ್ಲಿ ಆತ ತೀರಿಕೊಂಡಾಗ ಆತನ ಮನೆಯಲ್ಲಿ ವರ್ಮೀರನ ಮೂರು ಚಿತ್ರಗಳಿದ್ದವು, ಒಂದು ದೊಡ್ಡದು, ಎರಡು ಸಣ್ಣವು. ಕಾಲು ಶತಮಾನ ಕಾಲ ಆತ ಅವನ್ನು ಮಾರದೆ ತನ್ನ ಬಳಿಯೇ ಉಳಿಸಿಕೊಂಡಿದ್ದ. ಕಲೆಯ ಇತಿಹಾಸ ಬರೆಯುವಾಗ ಚಿತ್ರಕಾರರ ಹೆಸರಷ್ಟೇ ಅಲ್ಲ, ಇಂಥ ಗಿರಾಕಿಗಳ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಬೇಕು. ದಿನವೂ ಬ್ರೆಡ್ಡು ಸುಡುತ್ತಿದ್ದ ಮನುಷ್ಯ, ಬ್ರೆಡ್ಡನ್ನು ಹಾಗೆ ಕಂಡವನ ಕೈಚಳಕವನ್ನು ಗುರುತಿಸಿದ್ದ.