ತಿಂಗಳು ತುಂಬದ ಕೂಸಿನ ಉಸಿರು ನಿಂತರೆ ಏನ್ ಮಾಡಬೇಕ್ರಿ?

ಬೀಳಗಿ: 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸು ಐದ್ಹತ್ತು ಸೆಕೆಂಡ್ ಉಸಿರು ನಿಲ್ಲಿಸಿ ತಾನೇ ಮತ್ತೆ ಆಡುವುದು ಸಾಮಾನ್ಯ. 20 ಸೆಕೆಂಡ್ ನಿಂತರೆ, ಇಲ್ಲಾ ಅದಕ್ಕೂ ಮುಂಚೆ ತುಟಿ ನೀಲಿಯಾದರೆ ಅದು ‘ಆಪ್ನಿಯಾ’. ಉಸಿರಾಟ ನಡೆಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ಮನೆಗೆ ಬಂದ ಮೇಲೆ ಹೊಸದಾಗಿ ಶುರುವಾದರೆ ಸೋಂಕೂ ಇರಬಹುದು.

ಅಂಗಾಲು, ಬೆನ್ನು ಮೆಲ್ಲಗೆ ತಿಕ್ಕಿ. ಜೋರಾಗಿ ಅಲುಗಾಡಿಸಬೇಡಿ, ಮುಖಕ್ಕೆ ನೀರಂತೂ ಹೊಡೀಬ್ಯಾಡ್ರಿ. ಆದರೂ ಉಸಿರು ಬರದಿದ್ದರೆ ಕೂಸಿನ ಬಾಯಿ-ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಸಣ್ಣಗೆ ಊದಿ. ಉಸಿರು ಬಂದರೂ 108ಕ್ಕೆ ಫೋನ್ ಮಾಡಲೇಬೇಕು. ದಾರಿಯಲ್ಲಿ ಕೂಸು ತಾಯಿಯ ಎದೆಗೆ ಅಂಟಿಕೊಂಡೇ ಬೆಚ್ಚಗಿರಲಿ, ಮೂಗು-ಬಾಯಿ ಮುಚ್ಚದಿರಲಿ.

ಸರಕಾರಿ ಆಸ್ಪತ್ರೆಯಲ್ಲಿ ‘ಜನನಿ ಶಿಶು ಸುರಕ್ಷಾ’ ಯೋಜನೆಯಡಿ ಚಿಕಿತ್ಸೆ, ವಾಹನ ಉಚಿತ. ಅಲ್ಲಿ ಕೊಡುವ ಮುಖ್ಯ ಔಷಧಿ ಕೆಫೀನ್. ಹೌದ್ರಿ, ಚಹಾದಾಗ ಇರೋದೇ! ಹಂಗಂತ ಕೂಸಿಗೆ ಚಹಾ ಹಾಕೀರಿ. ಡೋಸು ತೂಕ ನೋಡಿ ಡಾಕ್ಟರೇ ಹೇಳಬೇಕು.